ಬಿಳಿ ಐದರಿಂದ ಕರಿ ಒಂದಕ್ಕ

ಹೋದ ತಿಂಗಳ ಗ್ಯಾಸಿನ ಆಫೀಸಿಗೆ ಫೋನ್ ಹಚ್ಚಿದ್ದೆ. ಸಿಲಿಂಡರ್ ಬುಕ್ ಮಾಡಿ ಎಂಟು ದಿನ ಆಗಿತ್ತು, ಅದರ ಸುದ್ದೀನ ಇರಲಿಲ್ಲ. ಆ ಕಡೆ ಒಂದು ಹುಡುಗಿ ಎತ್ತಿದ್ಲು. ಮೂವತ್ತಮೂರು ವರ್ಷ ಸಾಲಿ ಹುಡುಗರನ್ನ ಬೈದ ಬಾಯಿ ನಂದು, ಒಮ್ಮೆ ಚಾಲೂ ಆದ್ರ ಲಗೂ ನಿಂದ್ರೂದಿಲ್ಲ. ಪಾಪ, ಆಕಿ ಎಲ್ಲಾ ಸಮಾಧಾನದಿಂದ ಕೇಳಿ, "ಆತ್ರಿ ಸರ್, ನಾಳೆ ಕಳಸ್ತೀವ್ರಿ ಸರ್" ಅಂದ್ಲು. "ನಾ ಸರ್ ಅಲ್ಲವಾ ತಂಗಿ, ಮೇಡಂ" ಅಂದೆ. "ಹೌದ್ರಿ ಸರ್, ಮೇಡಂ ಹೆಸರಿಲೇ ಐತ್ರಿ ಕನೆಕ್ಷನ್" ಅಂದ್ಲು.

ನಗ್ರಿ, ನಗ್ರಿ. ನಾನೂ ನಕ್ಕೆ. ಫೋನ್ ಇಟ್ಟ ಮ್ಯಾಲ ಅಡಗಿಮನ್ಯಾಗ ಒಬ್ಬಾಕೀನ ನಿಂತು "ಹಲೋ, ಹಲೋ" ಅಂತ ನಾಲ್ಕು ಸಲ ಅಂದು ನೋಡಿದೆ. ಹುಡುಗಿ ಹೇಳಿದ್ದು ಸುಳ್ಳಲ್ಲ. ಅರವತ್ತು ದಾಟಿದ ಮ್ಯಾಲ ನನ್ನ ದನಿ ದಪ್ಪಾಗೇತಿ. ರೋಣದ ದವಾಖಾನಿಗೆ ಹೋಗಿ ತೋರಿಸಿಕೊಂಡೂ ಬಂದೆ. ಡಾಕ್ಟರು ಬಾಯಿ ತೆಗಿಸಿ, ಬ್ಯಾಟರಿ ಬಿಟ್ಟು ನೋಡಿ, "ವಯಸ್ಸಿಂದ್ರಿ, ಏನೂ ಆಗಿಲ್ಲ" ಅಂದ್ರು. ಡಾಕ್ಟರಿಗೇನು ಗೊತ್ತು, ಏನು ಆಗೇತಿ ಅಂತ. ಆ "ಹಲೋ" ನನ್ನದಾಗಿರಲಿಲ್ಲ. ಅದು ನಮ್ಮವ್ವಂದು. ನೂಲಿನಂಗ ಸೀರಿ, ತಾಯಿಯಂಗ ಮಗಳು ಅಂತಾರ. ನಾ ಜನ್ಮದ ತುಂಬ ಆ ನೂಲು ಕಡಕೊಳ್ಳಾಕ ನೋಡಿದಾಕಿ. ಈಗ ಈ ವಯಸ್ಸಿನಾಗ ಅದು ತಾನ ಬಂದು ಕೊರಳಿಗೆ ಸುತಗೊಂಡೇತಿ.

ಅವ್ವನ ಹೆಸರು ಬಸಲಿಂಗವ್ವ. ನಮ್ಮೂರು ಜಕ್ಕಲಿಯೊಳಗ ಆಕಿ ನಮ್ಮ ಹೊಲದ ಬದುವಿನ ಮ್ಯಾಲ ನಿಂತು "ಎತ್ತು ಹೊಡಕೊಂಡು ಬರ್ರಿ" ಅಂತ ಒದರಿದ್ರ ಬಾಜೂ ಹೊಲದ ಎತ್ತು ಸುದ್ದಾ ಹೊಳ್ಳತಿದ್ದುವು. ಮನಿಗೆ ಬಂದ ಬೀಗರು ಒಳಗಿಂದ ಬಂದ ದನಿ ಕೇಳಿ, "ಗೌಡ್ರು ಮನ್ಯಾಗ ಅದಾರಲ್ಲ" ಅಂತ ಚಪ್ಪಲಿ ಬಿಡತಿದ್ರು. ನಮ್ಮಪ್ಪ ನೋಡಿದ್ರ ಹಿತ್ತಲದಾಗ ಎಮ್ಮಿ ಮೈ ತಿಕ್ಕೋತ ಗಪ್ಪ ಇರತಿದ್ದ. ಅಪ್ಪಂದು ಸಣ್ಣ ದನಿ. ದೇವರು ಇಬ್ಬರಿಗೂ ಹಂಚೂ ಮುಂದ ಎಲ್ಲೋ ಅದಲಿ ಬದಲಿ ಮಾಡ್ಯಾನ ಅಂತ ನಮ್ಮಜ್ಜಿ ಚಾಷ್ಟಿ ಮಾಡತಿದ್ಲು.

ಅವ್ವನ ತವರುಮನಿ ಹೊಳೆಮಣ್ಣೂರ, ಮಲಪ್ರಭಾ ಹೊಳಿ ದಂಡಿಗೆ. ಅವರ ಹೊಲ ಹೊಳಿ ಆಚಿಗೆ ಇತ್ತಂತ. ಬುತ್ತಿ ತಲಿಮ್ಯಾಲ ಇಟಗೊಂಡು ಈಚಿ ದಂಡಿಗೆ ನಿಂತು ಅಪ್ಪನ್ನ ಕೂಗೂದು ಅವ್ವನ ಕೆಲಸ. ಆಕಿಗೆ ಎಂಟೋ ಒಂಬತ್ತೋ ವರ್ಷ. "ಸಣ್ಣ ದನಿ ಗಾಳಿಗೆ ಹಾರಿ ಹೋಗತೈತಿ. ದಪ್ಪ ದನಿ ನೀರು ಹಿಡಕೊಂಡು ದಾಟತೈತಿ" ಅಂತಿದ್ಲು. ಇದು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಸಾಲಿಯೊಳಗ ವಿಜ್ಞಾನದ ಪಾಠ ಹೇಳಿದಾಕಿ ನಾ, ಖರೇ ಏನಂತ ನೋಡಬೇಕಿತ್ತು, ನೋಡಲಿಲ್ಲ. ಆದ್ರ ಅವ್ವನ ಹಾಡು ಅಂದ್ರ ಹಂಗ ಇತ್ತು. ಬಾಯಿ ಪೂರಾ ತೆರೆದು, ಹೊಟ್ಟಿಯಿಂದ ಎತ್ತಿ, ಯಾರೋ ಆಚಿ ದಂಡಿಗೆ ನಿಂತಾರ, ಅವರಿಗೆ ಮುಟ್ಟಬೇಕು ಅನ್ನೂ ಹಂಗ ಹಾಡತಿದ್ಲು. ದೇವರೂ ಆಚಿ ದಂಡಿಗೆ ಇರಬೇಕು ಅಂತ ಆಕಿ ತಿಳಕೊಂಡಿದ್ಲೇನೋ.

ಈಗ ನಿಮಗ ಸಪ್ತಾಹದ ಸುದ್ದಿ ಹೇಳಬೇಕು. ಶ್ರಾವಣದಾಗ ನಮ್ಮೂರ ಗುಡಿಯೊಳಗ ಏಳು ದಿನ "ಓಂ ನಮಃ ಶಿವಾಯ" ಅನ್ನೂ ನಾಮ ನಡೀತಿತ್ತು, ಈಗಲೂ ನಡೀತೈತಿ. ನಿಯಮ ಒಂದ: ನಾಮ ನಿಲ್ಲಬಾರದು. ಹಗಲಿಲ್ಲ, ರಾತ್ರಿಲ್ಲ, ಉಣ್ಣಾಕಿಲ್ಲ, ಮಳಿಗಿಲ್ಲ. ಅದಕ ಮೂರು ಮೂರು ತಾಸಿನ ಪಾಳಿ. ಎಲ್ಲಾ ಪಾಳಿ ಗಂಡಸರವು, ಒಂದ ಒಂದು ಹೆಂಗಸರದು. ಮಧ್ಯಾಹ್ನ ಹನ್ನೆರಡರಿಂದ ಮೂರು. ಅಡಗಿ ಮುಗದಿರತೈತಿ, ಹೈನದ ಹೊತ್ತು ಇನ್ನೂ ಬಂದಿರೂದಿಲ್ಲ, ಗಂಡಸರಿಗೆ ಉಂಡು ನಿದ್ದಿ ಬಂದಿರತೈತಿ. ಭಾಳ ವಿಚಾರ ಮಾಡಿ ಕೊಟ್ಟ ಪಾಳಿ ಅದು!

ಹೆಂಗಸರ ಪಾಳಿಯೊಳಗ ಆಗ ಪೇಟಿ ಇರತಿರಲಿಲ್ಲ. ಪೇಟಿ ಅಂದ್ರ ಹಾರ್ಮೋನಿಯಂ. ಅದು ಗಂಡಸರ ಸೊತ್ತು. ಬಾರಿಸಾವ ಈರಪ್ಪ ಕಾಕಾ. ಮೂರು ಗಂಟೆಕ ತನ್ನ ಪಾಳಿಗೆ ಪೇಟಿ ಹೊತಗೊಂಡು ಬರತಿದ್ದ, ಆರಕ್ಕ ಮುಂದಿನವರಿಗೆ ಬಿಟ್ಟು ಹೋಗತಿದ್ದ. ನಮಗ ಬರೇ ತಾಳ. ಪೇಟಿ ಮ್ಯಾಲ ಕರಿ ಮನಿ, ಬಿಳಿ ಮನಿ ಇರತಾವಲ್ಲ, ಅವುಗಳ ನಂಬರಿನ ಮ್ಯಾಲ ಸೂರಿನ, ಅಂದ್ರ ಶ್ರುತಿಯ, ಎತ್ತರ ಹೇಳೂದು ರೂಢಿ. ಹೆಂಗಸರು ಬಿಳಿ ಐದಕ್ಕ ಹಾಡತಿದ್ರು, ಗಂಡಸರು ಕರಿ ಒಂದಕ್ಕ. ನಡುವ ಆರು ಮೆಟ್ಟಲಾ. ಹೆಂಗಸರು ಕರಿ ಒಂದಕ್ಕ ಇಳದ್ರ ದನಿ ಹೊಂಡದಾಗ ಬಿದ್ದಂಗ, ಗಂಡಸರು ಬಿಳಿ ಐದಕ್ಕ ಏರಿದ್ರ ಕುತ್ತಿಗಿ ನರ ಹರಿಯೂ ಹಂಗ. ಹನ್ನೆರಡಕ್ಕ ಏರೂದು ಸಲೀಸ ಇತ್ತು. ಗಂಡಸರು ದಣದಿರತಿದ್ರು, ಹೆಂಗಸರು ತಮಗ ಬೇಕಾದಲ್ಲೆ ಎತ್ತಿಕೊಂಡ್ರ ಯಾರೂ ಯಾಕ ಅಂತ ಕೇಳತಿರಲಿಲ್ಲ. ಮೂರು ಗಂಟೆಕ ಇಳಿಯೂದು ತ್ರಾಸು. ಒಮ್ಮೆಲೆ ಜಿಗದ್ರ ನಡುವ ಖಾಲಿ ಬೀಳತೈತಿ. ಖಾಲಿ ಬಿತ್ತು ಅಂದ್ರ ನಾಮ ನಿಂತಂಗ.

ಅಲ್ಲಿ ಬೇಕಾಗತಿದ್ದಾಕಿ ನಮ್ಮವ್ವ. ಮೂರಕ್ಕ ಐದು ಮಿನಿಟ ಇರೂ ಮುಂದ ಗಂಡಸರು ಬಂದು ಎದುರ ಸಾಲಿಗೆ ಕುಂದ್ರತಿದ್ರು. ಅವ್ವ ಹಿಂದಿನ ಸಾಲಿನಿಂದ ಮುಂದ ಬಂದು ನಡುವ ನಿಂದ್ರತಿದ್ಲು. ಎರಡು ಸಲ ನಾಮ ಅಂದು ಒಂದು ಮೆಟ್ಟಲಾ ಇಳೀತಿದ್ಲು. ಎಲ್ಲಾ ಹೆಂಗಸರೂ ಆಕಿ ಕೂಡ ಇಳೀತಿದ್ರು. ಮತ್ತೆರಡು ಸಲ, ಮತ್ತೊಂದು ಮೆಟ್ಟಲಾ. ಮೂರನೇದಕ್ಕ ಸಣ್ಣ ದನಿ ಹೆಣ್ಮಕ್ಕಳು ಒಬ್ಬೊಬ್ಬರ ಬಿಡತಿದ್ರು. ಕಡೀಕ ಅವ್ವ ಒಬ್ಬಾಕಿ. ಆಮ್ಯಾಲ ಗಂಡಸರು ಹಿಡಕೋತಿದ್ರು, ಎಲ್ಲಿ ಆಕಿ ಬಿಟ್ಲು, ಎಲ್ಲಿ ಅವರು ಹಿಡದ್ರು ಅನ್ನೂದು ತಿಳೀತಿರಲಿಲ್ಲಂತ. ಇದಕ್ಕ "ಇಳಿಸೂದು" ಅಂತಿದ್ರು. ಊರಾಗ ಇದು ಬರತಿದ್ದದ್ದು ಆಕಿ ಒಬ್ಬಾಕಿಗೇನ.

"ತಿಳೀತಿರಲಿಲ್ಲಂತ" ಅಂದ್ನೆಲ್ಲ, ಅದಕ್ಕ ಕಾರಣ ಐತಿ. ನಾ ಪೂರ್ತಿ ಒಂದು ಸಲಾನೂ ಕೇಳಿಲ್ಲ. ಮೂರು ಗಂಟೆಕ ಗುಡಿ ಹೊರಗ ಕಟ್ಟಿ ಮ್ಯಾಲ ಹುಡುಗರಿಗೆ ಫಳಾರ ಹಂಚತಿದ್ರು. ಮಂಡಕ್ಕಿ, ಕೊಬ್ರಿ ಚೂರು, ಸಕ್ಕರಿ. ತಡಾ ಮಾಡಿದ್ರ ಕೊಬ್ರಿ ಸಿಗತಿರಲಿಲ್ಲ, ಬರೇ ಮಂಡಕ್ಕಿ. ಅದಕ ಅವ್ವ ಎರಡು ಮೆಟ್ಟಲಾ ಇಳಿಯೂದರಾಗ ನಾ ಎದ್ದು ಓಡತಿದ್ದೆ. ಮೂರನೇದು ಬಾಗಲದಾಗ ಕಿವಿಗೆ ಬೀಳತಿತ್ತು. ಕೆಳಗಿನ ಮೂರು ಹ್ಯಾಂಗಿದ್ದುವು ಅಂತ ಕೇಳಿದ್ರ ನಾ ಏನು ಹೇಳಲಿ? ನನ್ನ ಬಾಯಾಗ ಕೊಬ್ರಿ ಇತ್ತು.

ಹೈಸ್ಕೂಲಿಗೆ ನನ್ನ ಗಜೇಂದ್ರಗಡದಾಗ ಬಿಟ್ರು, ಹುಡುಗ್ಯಾರ ವಸತಿಗೆ. ಅಲ್ಲಿ ಒಬ್ಬರು ಸಂಗೀತದ ಅಕ್ಕಾರು ಇದ್ರು. ಅಕ್ಕಾರು ಅಂದ್ರ ನಮ್ಮ ಕಡೆ ಹೆಣ್ಣು ಮಾಸ್ತರು. ಬಿಳೇ ಸೀರಿ, ಸಣ್ಣ ನಡ, ಸಣ್ಣ ದನಿ. ದಿನಾ ಸಂಜಿಮುಂದ ಪ್ರಾರ್ಥನಾಕ ನಮ್ಮ ಇಪ್ಪತ್ತು ಮಂದೀನ ಸಾಲಿಗೆ ನಿಂದರಿಸಿ, "ದೇವರ ಮುಂದ ಹೆಣ್ಮಕ್ಕಳ ದನಿ ಊದಿನಕಡ್ಡಿ ಹೊಗಿ ಇದ್ದಂಗ ಇರಬೇಕ್ರವಾ. ಸಣ್ಣಗ, ಸೀದಾ, ಮ್ಯಾಲ ಹೋಗಬೇಕು" ಅಂತಿದ್ರು. ತುಟಿ ಇಷ್ಟ ತೆಗೀಬೇಕು, ಹಲ್ಲು ಕಾಣಬಾರದು, ಕುತ್ತಿಗಿ ಉಬ್ಬಬಾರದು. ಒಬ್ಬಾಕಿ ದನಿ ಬ್ಯಾರೆ ಕೇಳಿದ್ರ ಎಲ್ಲಾರೂ ಹೊಳ್ಳಿ ಮೊದಲಿಂದ. ಮೊದಲನೇ ದಿನ ನಾ ಬಾಯಿ ತೆಗೆದೆ ನೋಡ್ರಿ, ಅಕ್ಕಾರು ಎರಡೂ ಕೈ ಎತ್ತಿ, "ಯಾರವಾ ಅದು, ಇಲ್ಲೆ ಹೊಲ ಹೂಡಾಕತ್ತಿಲ್ಲ" ಅಂದ್ರು. ಇಪ್ಪತ್ತು ಹುಡುಗ್ಯಾರು ನಕ್ಕರು. ಆ ದಿನ ನಾ ನನ್ನ ದನಿ ಮಡಚಿ ಒಳಗ ಇಟ್ಟೆ. ಆರು ತಿಂಗಳದಾಗ ನನ್ನಷ್ಟು ಸಣ್ಣ ದನಿ ಆ ಸಾಲಿನಾಗ ಯಾರದೂ ಇರಲಿಲ್ಲ. ಅಕ್ಕಾರು ನನ್ನ ಮುಂದಿನ ಸಾಲಿನ ನಡುವ ನಿಂದರಿಸಿದ್ರು. ನನ್ನ ಜಂಭ ಏನು ಕೇಳತೀರಿ.

ಮರುವರ್ಷದ ಶ್ರಾವಣಕ್ಕ ಗೆಳತ್ಯಾರು ನಾಲ್ಕು ಮಂದೀನ ಕರಕೊಂಡು ಊರಿಗೆ ಬಂದೆ. ಸಪ್ತಾಹ ತೋರಸ್ತೀನಿ ಅಂತ ಭಾಳ ಹೇಳಿದ್ದೆ. ಬಸ್ ಇಳದು ಎರಡೂವರಿಗೆ ಸೀದಾ ಗುಡಿಗೆ ಹೋದ್ವಿ. ಹೊಸ್ತಲಾ ದಾಟೂದರಾಗ ಒಬ್ಬಾಕಿ ನನ್ನ ಮೊಣಕೈ ಜಗ್ಗಿ, "ಅಯ್ಯ, ಹೆಂಗಸರ ಪಾಳಿ ಅಂದಿ, ಒಳಗ ಗಂಡಸೊಬ್ಬ ಹಾಡಾಕತ್ತಾನಲ್ಲ" ಅಂದ್ಲು. ಇನ್ನೊಬ್ಬಾಕಿ ಇಣಿಕಿ ನೋಡಿ, "ಗಂಡಸಲ್ಲ, ಅಲ್ನೋಡು, ಆ ಹಸರು ಸೀರಿ ಮುದುಕಿ" ಅಂದ್ಲು. ಅವ್ವಗ ಆಗ ನಲವತ್ತು ವರ್ಷ ಇದ್ದೀತು. ಬಿಸಲಾಗ ದುಡಿದ ಮಾರಿ, ಮುದುಕಿ ಹಂಗ ಕಂಡಿರಬೇಕು. "ಯಾರ ಆಕಿ?" ಅಂತ ಕೇಳಿದ್ರು.

"ಯಾರೋ" ಅಂದೆ.

ಮೂರು ಬಡಿಯೂದರಾಗ ಅವರನ್ನ ಹೊರಗ ಕರಕೊಂಡು ಬಂದೆ. ಆದ್ರ ಅಷ್ಟಕ್ಕ ಬಿಟ್ಟಿದ್ರೂ ನಡೀತಿತ್ತು. ಸಂಜಿಗೆ ಮನ್ಯಾಗ ಅದ ಹಸರು ಸೀರಿ ನೋಡಿ ಗೆಳತ್ಯಾರು ಮುಸಿಮುಸಿ ನಕ್ಕರು. ಅವರು ಹಿತ್ತಲದಾಗ ಪ್ಯಾರಲ ಹಣ್ಣು ಹರಕೋತ ಇದ್ದಾಗ ನಾ ಒಲಿ ಮುಂದ ಹೋಗಿ ಅವ್ವನ ಬಾಜೂಕ ಕುಂತೆ. "ಅವ್ವಾ, ನಾಳೆ ನೀ ಹಾಡಬ್ಯಾಡ. ಬರೇ ತಾಳ ಹಾಕು" ಅಂದೆ. ಅವ್ವ ರೊಟ್ಟಿ ಬಡಿಯೂ ಕೈ ನಿಲ್ಲಿಸಲಿಲ್ಲ. "ಯಾಕವಾ?" ಅಂದ್ಲು. "ಗಂಡಸರ ದನಿ ಕೇಳಿದಂಗ ಕೇಳತೈತಿ. ನಾಚಿಗಿ ಬರತೈತಿ ನನಗ" ಅಂದೆ. ಅವ್ವ ಹಂಚಿನ ಮ್ಯಾಲಿನ ರೊಟ್ಟಿ ಮಗ್ಗಲಾ ಮಾಡಿದ್ಲು. ಅದಕ್ಕ ನೀರು ಹಚ್ಚಿದ್ಲು. "ಆತು ಬಿಡು" ಅಂದ್ಲು.

ಮರುದಿನ ಮೂರಕ್ಕ ಅವ್ವ ಹಿಂದಿನ ಸಾಲಿನಿಂದ ಏಳಲಿಲ್ಲ. ಗಂಡಸರು ಬಂದು ಕುಂತ್ರು. ಹೆಂಗಸರು ಹೊಳ್ಳಿ ಹೊಳ್ಳಿ ಆಕಿ ಕಡೆ ನೋಡಿದ್ರು. ಅವ್ವ ತಾಳ ಹಾಕೋತ ನೆಲ ನೋಡಾಕತ್ತಿದ್ಲು. ಹೆಂಗಸರು ಬಿಟ್ರು, ಗಂಡಸರು ಎಲ್ಲಿ ಹಿಡೀಬೇಕು ತಿಳೀದ ಒಬ್ಬೊಬ್ಬರು ಒಂದೊಂದು ಕಡೆ ಎತ್ತಿದ್ರು. ಸಂತಿಯೊಳಗ ಕುರಿ ಬಿಚ್ಚಿದಂಗ ಆತು. ನಡುವ ಒಂದು ಉಸುರಿನಷ್ಟು ಹೊತ್ತು ಗುಡಿಯೊಳಗ ಏನೂ ಇರಲಿಲ್ಲ, ಅವ್ವನ ಕೈಯಾಗಿನ ತಾಳ ಒಂದ ಕೇಳತಿತ್ತು. ಗೆಳತ್ಯಾರಿಗೆ ಇದರೊಳಗ ಏನೂ ತಿಳೀಲಿಲ್ಲ. ನನಗ ತಿಳದಿತ್ತು. ಆ ವರ್ಷದಿಂದ ಅವ್ವ ಸಪ್ತಾಹದೊಳಗ ದನಿ ಎತ್ತಲಿಲ್ಲ. ನಾನೂ ಎತ್ತು ಅನ್ನಲಿಲ್ಲ. ಮೊದಲ ಜಂಭ ಅಡ್ಡ ಬಂತು, ಆಮ್ಯಾಲ ನಾಚಿಗಿ, ಆಮ್ಯಾಲ ಭಾಳ ವರ್ಷ ಆಗಿ ಹೋಗಿತ್ತು.

ಮುಂದ ನೌಕರಿ ನರಗುಂದದಾಗ ಆತು. ಅಲ್ಲೆ ನಾ ಮಾಡಿದ್ದೇನು ಗೊತ್ತೈತೇನ್ರಿ? ಒಂದು ಮಹಿಳಾ ಭಜನಾ ಮಂಡಳಿ ಕಟ್ಟಿದೆ. ಹದಿನಾಲ್ಕು ಮಂದಿ, ಹದಿನಾಲ್ಕೂ ಮಂದಿಗೆ ಒಂದ ನಮೂನಿ ಕೆಂಪಂಚಿನ ಸೀರಿ. ಸೀರಿ ಆರಿಸಾಕ ಎರಡು ತಿಂಗಳ ಹೋತು, ಹಾಡು ಕಲಿಯಾಕ ಹದಿನೈದು ದಿನ. ಗಜೇಂದ್ರಗಡದ ಅಕ್ಕಾರ ಮಾತು ನನ್ನ ಬಾಯಾಗ: "ಊದಿನಕಡ್ಡಿ ಹೊಗಿ, ಊದಿನಕಡ್ಡಿ ಹೊಗಿ." ಒಮ್ಮೆ ಒಂದು ಸ್ಪರ್ಧಾದಾಗ ನಮಗ ಮೊದಲನೇ ಬಹುಮಾನ ಬಂತು, ಆಳಿಗೊಂದು ಸ್ಟೀಲಿನ ಡಬ್ಬಿ. ಪರೀಕ್ಷಕರು ನಮ್ಮನ್ನ ಹೊಗಳಿ, "ಹದಿನಾಲ್ಕು ಮಂದಿ ಹಾಡಿದ್ರೂ ಒಬ್ಬರ ಹಾಡಿದಂಗ ಕೇಳತೈತಿ" ಅಂದ್ರು. ಅವತ್ತು ಎದಿ ಉಬ್ಬಿತ್ತು. ಈಗ ವಿಚಾರ ಮಾಡಿದ್ರ, ಹಂಗಾರ ಉಳಿದ ಹದಿಮೂರು ಮಂದಿ ಎಲ್ಲಿ ಹೋಗಿದ್ರು ಅನಸ್ತೈತಿ. ಆ ಹಾಡಿನ ರೆಕಾರ್ಡು ಇನ್ನೂ ನನ್ನ ಕಡೆ ಐತಿ. ಹಚ್ಚಿದ್ರ ಕಿವಿ ಬಾಜೂಕ ಗುಂಗಾಡು ಹಾರಿದಂಗ ಕೇಳತೈತಿ.

ಅವ್ವ ಆರು ವರ್ಷದ ಹಿಂದ ಹೋದ್ಲು. ಅಷ್ಟೊತ್ತಿಗೆ ಮನಿ ಮಂದಿಗೆಲ್ಲಾ ಮೊಬೈಲ್ ಬಂದಿದ್ದುವು. ಮೊಮ್ಮಕ್ಕಳ ಜಾವಳದ ವಿಡಿಯೋದಾಗ ಅವ್ವ ಸಜ್ಜಕ ತಿನ್ನೂದು ಐತಿ, ಕರು ಹಾಕಿದ ಆಕಳ ಮುಂದ ನಿಂತದ್ದು ಐತಿ, ಕ್ಯಾಮೆರಾ ನೋಡಿ "ಏನ್ ಮಾಡ್ಲೋ ಇದಕ್ಕ?" ಅಂತ ಕೇಳೂದು ಐತಿ. ಹಾಡಿದ್ದು ಎಲ್ಲೂ ಇಲ್ಲ. ಹ್ಯಾಂಗ ಇದ್ದೀತು? ಬಾಯಿ ಕಟ್ಟಿದಾಕಿ ನಾನ. ಗ್ಯಾಸಿನ ಹುಡುಗಿ ಸರ್ ಅಂದ ದಿನದಿಂದ ನನಗ ಒಂದ ಹುಚ್ಚು ಹಿಡೀತು. ಅವ್ವನ ದನಿಯಂತೂ ಹೋತು, ಆಕಿ ಇಳಿದ ದಾರಿನಾದ್ರೂ ಕಡೀತನಕ ಒಮ್ಮೆ ಕೇಳಬೇಕು. ಮ್ಯಾಲಿನ ಮೂರು ಮೆಟ್ಟಲಾ ನನಗ ಗೊತ್ತು. ಕೆಳಗಿನ ಮೂರು ಯಾರನ್ನ ಕೇಳಲಿ?

ಈ ಶ್ರಾವಣಕ್ಕ, ಈಗ ನಾ ಇರೂ ರೋಣದಿಂದ ಬಸ್ ಹತ್ತಿ ಜಕ್ಕಲಿಗೆ ಹೋದೆ. ಸಪ್ತಾಹದ ನಾಲ್ಕನೇ ದಿನ. ಹೆಂಗಸರ ಪಾಳಿ ಈಗ ನಮ್ಮ ತಮ್ಮನ ಸೊಸಿ ಸುನಂದಾನ ಕೈಯಾಗ ಐತಿ. ಚುರುಕು ಹುಡುಗಿ. ಮೈಕಿನ ಬಾಜೂಕ ಮೊಬೈಲ್ ಇಟ್ಟಿರತಾಳ, ಅದರೊಳಗ ತಂಬೂರಿ ನಡೀತಿರತೈತಿ. ಮೂರು ಬಡೀತಂದ್ರ ಬೆರಳಿಲೆ ಹಿಂಗ ಒತ್ತತಾಳ, ತಂಬೂರಿ ಬಿಳಿ ಐದರಿಂದ ಕರಿ ಒಂದಕ್ಕ ಹೋಗತೈತಿ. ಆಕಿ ಒತ್ತೂದಕ್ಕ, ಗಂಡಸರು ಎತ್ತೂದಕ್ಕ ನಡುವಿನ ಸಂದು ತಂಬೂರಿ ಮುಚ್ಚತೈತಿ. ನಿಯಮಕ್ಕ ಏನೂ ಭಂಗ ಇಲ್ಲ. ಕೆಲಸ ಚಲೋ ಆಗೇತಿ, ಸುಳ್ಳ್ಯಾಕ ಹೇಳಲಿ.

ಹೊರಗ ಕಟ್ಟಿ ಮ್ಯಾಲ ಈರಪ್ಪ ಕಾಕಾ ಕುಂತಿದ್ದ. ಎಂಬತ್ತು ದಾಟೇತಿ. ಬೆರಳು ನಡಗತಾವಂತ ಪೇಟಿ ಬಿಟ್ಟಾನ, ಅಣ್ಣನ ಮಗ ಬಾರಸ್ತಾನ. ನಾ ಹೋಗಿ ಬಾಜೂಕ ಕುಂತು, "ಕಾಕಾ, ನಮ್ಮವ್ವ ಮೂರಕ್ಕ ಇಳಸ್ತಿದ್ಲಲ್ಲ, ನಿಮಗ ನೆನಪೈತೇನ್ರಿ?" ಅಂತ ಕೇಳಿದೆ.

"ನೆನಪ ಯಾಕವಾ, ಬಟ್ಟಿನಾಗ ಐತಿ" ಅಂತ ಕೈಬೆರಳು ಮುಂದ ಚಾಚಿದ.

"ನಿಮ್ಮ ಸೂರಿಗೆ ಬರೋಬ್ಬರಿ ಹ್ಯಾಂಗ ಬಂದು ಮುಟ್ಟತಿದ್ಲ್ರೀ? ಪೇಟಿ ಕೇಳಿ ಇಳೀತಿದ್ಲೇನು?"

ಕಾಕಾ ನನ್ನ ಮಾರಿ ನೋಡಿದ, ಹುಚ್ಚಿ ನೋಡಿದಂಗ. "ನಮ್ಮ ಸೂರು ಎಲ್ಲೀದವಾ? ನಿಮ್ಮವ್ವ ಎಲ್ಲಿ ತಂದು ಬಿಡತಿದ್ಲೋ ಆ ಮನಿ ಹುಡುಕಿ ಬಟ್ಟ ಇಡತಿದ್ದೆ. ಅಲ್ಲಿಂದ ಮರುದಿನ ಮಧ್ಯಾಹ್ನದ ತನಕ ಊರ ಗಂಡಸರೆಲ್ಲಾ ಅಲ್ಲೇ ಹಾಡೂದು. ಹೆಂಗಸರು ಬಿಟ್ಟಲ್ಲೆ ಹಿಡೀಬೇಕು, ಅದ ಪದ್ಧತಿ. ಆಕಿಗೆ ಯಾವಾಗಲೂ ಕರಿ ಒಂದಕ್ಕ ತಳ ಸಿಗತಿತ್ತು. ಒಂದು ವರ್ಷ ನೆಗಡಿ ಆಗಿತ್ತು ನೋಡು, ಬಿಳಿ ಒಂದರ ತನಕ ಹೋಗಿ ಬಿಟ್ಲು. ಏಳು ದಿನ ನಾವೆಲ್ಲಾ ಗೊಗ್ಗರ ದನೀಲೆ ಒದರಿ ಒದರಿ ಸಾಯಬೇಕಾತು." ಅವ ಬೊಚ್ಚಬಾಯಿ ತೆಗೆದು ನಕ್ಕ.

ನನಗ ನಗು ಬರಲಿಲ್ಲ. "ಮತ್ತ ಈಗ? ಈಗೂ ಕರಿ ಒಂದ ಐತೆಲ್ರೀ?"

"ಬಸಲಿಂಗಕ್ಕ ಬಿಟ್ಟ ಮ್ಯಾಲ ನಾ ಏನು ಮಾಡ್ಲಿ? ಬಟ್ಟಿಗೆ ಆ ಮನಿ ರೂಢಿ ಆಗಿತ್ತು. ಅಲ್ಲೇ ಇಟಗೊಂಡು ಬಂದೆ. ನಾ ಇಟ್ಟಲ್ಲೆ ಅಣ್ಣನ ಮಗ ಇಟ್ಟ. ಅವನ್ನ ಕೇಳಿ ನಿಮ್ಮ ಹುಡುಗಿ ಮೊಬೈಲಿನಾಗ ಹಾಕ್ಯಾಳ."

ಗಂಡಸರ ದನೀಲೆ ಹಾಡತಾಳ ಅಂತ ನಾ ನಾಚಿಕೊಂಡಿದ್ದೆ. ಖರೇ ಅಂದ್ರ ಊರ ಗಂಡಸರು ನಮ್ಮವ್ವನ ದನೀಲೆ ಹಾಡತಿದ್ರು. ಒಳಗ ಮೂರು ಗಂಟೆ ಪಾಳಿ ನಡದಿತ್ತು, ಮೂವತ್ತು ನಲವತ್ತು ಗಂಡಸರು. ಅವರೊಳಗ ಅರ್ಧಕ್ಕರ್ಧ ಮಂದಿ ಅವ್ವನ್ನ ನೋಡಿದವರಲ್ಲ.

"ಮತ್ತ ಯಾಕ ಬಿಟ್ಲವಾ ಆಕಿ?" ಅಂತ ಕಾಕಾನೇ ನನ್ನ ಕೇಳಿದ. "ಆಗ ಎಷ್ಟ ಕೇಳಿದ್ವಿ. ಗಂಟಲಾ ಕೆಟ್ಟೈತಿ ಅಂದ್ಲು. ಗದಗಿಗೆ ಹೋಗಿ ತೋರಿಸು ಅಂದ್ವಿ. ತೋರಿಸೀನಿ, ಆಗೂದಿಲ್ಲ ಅಂದಾರ ಅಂದ್ಲು."

ಅಯ್ಯ ಶಿವನ. ಅವ್ವ ಗದಗಿನ ದವಾಖಾನಿ ಮೆಟ್ಟಲಾ ಹತ್ತಿದಾಕಿ ಅಲ್ಲ. "ಗಂಟಲಾ ಕೆಟ್ಟಿರಲಿಲ್ರಿ ಕಾಕಾ" ಅಂದೆ. "ನಾ ಬ್ಯಾಡ ಅಂದಿದ್ದೆ. ನನಗ ನಾಚಿಗಿ ಬಂದಿತ್ತು." ನಲವತ್ತೈದು ವರ್ಷದಾಗ ಇದನ್ನ ಒಬ್ಬರ ಮುಂದ ಹೇಳಿದ್ದು ಇದ ಮೊದಲು. ನನ್ನ ಗಂಡಗೂ ಹೇಳಿದ್ದಿಲ್ಲ.

ಕಾಕಾ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು. ಬಡಗಿ ಹಿಡಕೊಂಡು ಎದ್ದು, "ಹಂಗಾರ ನಾಳೆ ನೀ ಇಳಸು" ಅಂದ.

ಮರುದಿನ ಸುನಂದಾಗ ಕೇಳಿದೆ. "ಇಳಸ್ರಿ ಅತ್ತಿ, ಅದರಾಗೇನು" ಅಂತ ಮೊಬೈಲ್ ಬಂದ್ ಮಾಡಿದ್ಲು. ಮೂರಕ್ಕ ಐದು ಮಿನಿಟ ಇರೂ ಮುಂದ ಗ್ಯಾಸಿನ ಹುಡುಗಿಯ 'ಸರ್' ಎದ್ದು ನಡುವ ನಿಂತ್ಲು. ನಗಬ್ಯಾಡ್ರಿ. ಎದುರ ಗಂಡಸರ ಸಾಲು, ಕಂಬಕ್ಕ ಬೆನ್ನು ಕೊಟ್ಟು ಕುಂತ ಈರಪ್ಪ ಕಾಕಾ. ಎರಡು ಸಲ ನಾಮ ಅಂದು ಒಂದು ಮೆಟ್ಟಲಾ ಇಳದೆ. ಎಲ್ಲಾ ಹೆಂಗಸರೂ ಬಂದ್ರು. ಎರಡನೇದು. ಮೂರನೇದಕ್ಕ ಸುನಂದಾನ ದನಿ ನಿಂತಿತು. ಅಲ್ಲಿಂದ ಕೆಳಗ ನಾ ಹಿಂದೆಂದೂ ಹೋಗಿರಲಿಲ್ಲ. ನಾಲ್ಕನೇದು ಸಿಕ್ತು, ಗಂಟಲಾ ತೆರಕೊಂಡಂಗ ಆತು, ಅಲ್ಲೆ ಇಷ್ಟು ಜಾಗಾ ಇತ್ತು ಅಂತ ನನಗ ಗೊತ್ತಿರಲಿಲ್ಲ. ಕಣ್ಣಾಗ ನೀರು ಬಂದ್ವು. ಐದನೇದಕ್ಕ ನಾ ಒಬ್ಬಾಕಿ. ದನಿ ಕಲ್ಲಿಗೆ ಉಜ್ಜಿದಂಗ ಬರತಿತ್ತು, ಆದ್ರ ಬರತಿತ್ತು. ಆರನೇದಕ್ಕ ಬಾಯಿ ತೆರೆದೆ. ಬರೇ ಗಾಳಿ. ಇನ್ನೊಮ್ಮೆ ತೆರೆದೆ. ತಾಳ ಒಂದ ಕೇಳಾಕತ್ತಿತು.

"ಹಿಡೀರಿ!" ಅಂತ ಕಾಕಾ ಬಡಗೀಲೆ ನೆಲ ಕುಟ್ಟಿದ. "ಏನ್ ನೋಡ್ತೀರಿ? ಆಕಿ ಬಿಟ್ಟಲ್ಲೆ ಹಿಡೀರಿ!"

ಅಣ್ಣನ ಮಗನ ಬೆರಳು ಕರಿ ಒಂದರ ಮ್ಯಾಲ ಕಾಯತಿತ್ತು. ಅವ ಅದನ್ನ ಎತ್ತಿ ಮ್ಯಾಲಿನ ಬಿಳಿ ಎರಡಕ್ಕ ಇಟ್ಟ. ಗಂಡಸರು ಅಲ್ಲೇ ಹಿಡದ್ರು. ನಾಮ ಮತ್ತ ನಡೀತು. ಸುನಂದಾ ಬಂದು ನನ್ನ ಕೈ ಹಿಡದು, "ಏನ್ ಇಳಿಸಿದ್ರಿ ಅತ್ತಿ!" ಅಂದ್ಲು. ಹೆಂಗಸರೆಲ್ಲಾ ಸುತ್ತ ನೆರೆದ್ರು. ನಾ ಪೇಟಿ ನೋಡತಿದ್ದೆ. ಕರಿ ಒಂದರ ಮ್ಯಾಲ ಯಾರ ಬೆರಳೂ ಇರಲಿಲ್ಲ. ಅವ್ವನ ಸೂರು ನಲವತ್ತೈದು ವರ್ಷ ಆ ಗುಡಿಯೊಳಗ ಇತ್ತು, ನನಗ ಗೊತ್ತಿರಲಿಲ್ಲ. ಗೊತ್ತಾದ ಮರುದಿನಾನ ಅದನ್ನ ತೆಗೆದಾಕೀನೂ ನಾನ.

ಅದರ ಮರುದಿನ ಸುನಂದಾ ಮತ್ತ ನನ್ನ ಕರದ್ಲು. ನಾ ಏಳಲಿಲ್ಲ. "ನೀ ಮೊಬೈಲ್ ಒತ್ತವಾ, ಕರಿ ಒಂದು ಹಾಕು" ಅಂದೆ. ಹುಡುಗಿಗೆ ಏನೂ ತಿಳೀಲಿಲ್ಲ, ಆದ್ರ ಒತ್ತಿದ್ಲು. ಗಂಡಸರು ಕರಿ ಒಂದಕ್ಕ ಎತ್ತಿದ್ರು. ಹೆಂಗಸರು ತಾಳ ತೆಗೆದಿಟ್ಟು ಮನಿಗೆ ಹೋದ್ರು, ದನ ಕಾಯತಿದ್ದುವು. ನಾ ಕಂಬಕ್ಕ ಬೆನ್ನು ಹಚ್ಚಿ ಕುಂತೆ. ಅವ್ವನ ದನಿ ಅದರೊಳಗ ಇರಲಿಲ್ಲ, ಎಷ್ಟು ಕಿವಿಗೊಟ್ರೂ ಇರಲಿಲ್ಲ. ಆಕಿ ದನಿ ಇಳದು ಬಂದು ನಿಂದ್ರತಿದ್ದ ಜಾಗಾ ಇತ್ತು, ಅದರ ಮ್ಯಾಲ ನಲವತ್ತು ಗಂಡಸರು ನಿಂತು ಹಾಡಾಕತ್ತಿದ್ರು. ಆರು ಬಡೀತು, ಮುಂದಿನ ಪಾಳಿಯವರು ಬಂದ್ರು. ನಾ ಏಳಲಿಲ್ಲ.